ಎರಡು ತಾಸಿನ ಪಣ

ನನಗೆ ಸಿಟ್ಟು ಬೇಗ ಬರುತ್ತದೆ. ಬಂದದ್ದು ಬೇಗ ಇಳಿಯುವುದಿಲ್ಲ, ಅದೇ ತೊಂದರೆ. ಕ್ರೈಸ್ಟ್‌ಚರ್ಚಿನ ಕ್ಯಾಸಿನೊದಲ್ಲಿ ಒಂದು ಶನಿವಾರ ಮಧ್ಯಾಹ್ನ, ಗುರುತು ಪರಿಚಯ ಇಲ್ಲದವರ ನಡುವೆ, ನೂರು ಡಾಲರಿನ ಬಿಲ್ಲೆ ಮುಂದಿಟ್ಟುಕೊಂಡು ನಾನು ಪೋಕರ್ ಆಡಲು ಕುಳಿತೆನೆಂದರೆ, ಅದಕ್ಕೆ ಕಾರಣ ನಾಲ್ಕು ತಿಂಗಳ ಹಿಂದೆ ಲೋವರ್ ಹಟ್‌ನಲ್ಲಿ ಬಂದಿದ್ದ ಸಿಟ್ಟು.

ವೆಲ್ಲಿಂಗ್ಟನ್ ಸುತ್ತಮುತ್ತ ನಮ್ಮ ಕಡೆಯವರ ಏಳೆಂಟು ಮನೆಗಳಿವೆ. ಹುಬ್ಬಳ್ಳಿ, ಗದಗ, ಬಾಗಲಕೋಟೆಯವರು. ದೀಪಾವಳಿಗೆ ಎಲ್ಲರೂ ಲೋವರ್ ಹಟ್‌ನ ಒಬ್ಬ ಹಿರಿಯರ ಮನೆಯಲ್ಲಿ ಸೇರುತ್ತೇವೆ. ಅವರನ್ನು ಸಣ್ಣವರು ದೊಡ್ಡವರೆಲ್ಲ ಅಂಕಲ್ ಎಂದೇ ಕರೆಯುವುದು. ಊಟ ಮುಗಿಯಿತೆಂದರೆ ಗಂಡಸರು ಗ್ಯಾರೇಜಿನಲ್ಲಿ ಮೇಜು ಹಾಕಿಕೊಂಡು ಇಸ್ಪೀಟಿಗೆ ಕೂರುತ್ತಾರೆ. ಮೊದಲು ಮೂರೆಲೆ ಆಡುತ್ತಿದ್ದರು. ಟೀವಿಯಲ್ಲಿ ನೋಡಿ ನೋಡಿ ಪೋಕರ್ ಕಲಿತರು. ನಾವು ಹೆಂಗಸರು ಒಳಗೆ ಭಜಿ ಮಾಡುತ್ತ, ಗಿರಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುತ್ತ, ತಾಸಿಗೊಮ್ಮೆ ಚಹಾ ಕಳಿಸುತ್ತ ಇರಬೇಕು. ಚಹಾದ ತಟ್ಟೆ ಹಿಡಿದು ಅವರ ಬೆನ್ನ ಹಿಂದೆ ನಿಂತು ನಿಂತೇ ನಾನು ಆಟ ಕಲಿತೆ. ಆಮೇಲೆ ನಾವಿರುವ ಜಾನ್ಸನ್‌ವಿಲ್‌ನಿಂದ ಆಫೀಸಿಗೆ ಹೋಗುವ ರೈಲಿನಲ್ಲಿ ದಿನಾ ಫೋನಿನಲ್ಲಿ ಆಡತೊಡಗಿದೆ. ಸುರಂಗ ಬಂದಾಗ ನೆಟ್‌ವರ್ಕ್ ಹೋಗಿ, ಗೆಲ್ಲುವ ಆಟ ಕೈತಪ್ಪಿದರೆ ಬೋಗಿಯಲ್ಲೇ ಬೈಯುತ್ತಿದ್ದೆ. ಪಕ್ಕದಲ್ಲಿ ಕೂತವರಿಗೆ ಕನ್ನಡ ಬರುತ್ತಿರಲಿಲ್ಲ, ಪುಣ್ಯ.

ಆ ದೀಪಾವಳಿಗೆ ಒಬ್ಬರು ಜ್ವರ ಬಂದು ಬಂದಿರಲಿಲ್ಲ. ಒಂದು ಕುರ್ಚಿ ಖಾಲಿ ಇತ್ತು. ನಾನು ತಟ್ಟೆ ಕೆಳಗಿಟ್ಟು ಅದರಲ್ಲಿ ಕೂತೆ. ನನಗೂ ಎಲೆ ಹಾಕಿ ಎಂದೆ. ಎಲೆ ಹಂಚುತ್ತಿದ್ದವರು ಅಂಕಲ್ ಕಡೆ ನೋಡಿದರು. ಅಂಕಲ್ ಮಾತ್ರ ನಕ್ಕರು. ಅವರು ಒಳ್ಳೆಯವರು, ಬೈಯುವವರಲ್ಲ. ನಗುತ್ತಲೇ ಹೇಳಿದರು.

"ತಂಗೀ, ನೀವು ಹೆಣ್ಮಕ್ಕಳು ಕೂತ್ರ ನಮಗ ಬಾಯಿ ಬಿಟ್ಟು ಮಾತಾಡಾಕ ಆಗಂಗಿಲ್ಲ. ಒಳಗ ಹೋಗಿ ಇನ್ನೊಂದ್ ಸಲ ಚಾ ಕಳಸು."

ನಾನು ನಮ್ಮವರ ಕಡೆ ನೋಡಿದೆ. ಇಪ್ಪತ್ತೊಂದು ವರ್ಷ ಸಂಸಾರ ಮಾಡಿದ ಮನುಷ್ಯ. ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಎರಡು ಎಲೆಗಳನ್ನು ಅಷ್ಟು ಹೊತ್ತು ನೋಡುವಂಥದ್ದು ಏನಿತ್ತೋ. ನಾನು ಎದ್ದು ಒಳಗೆ ಹೋದೆ, ಚಹಾ ಕಳಿಸಿದೆ. ಅದರಲ್ಲಿ ಸಕ್ಕರೆ ಹಾಕಲಿಲ್ಲ.

ಆ ದಿನ ಜಾನ್ಸನ್‌ವಿಲ್‌ಗೆ ಬರುವ ದಾರಿಯುದ್ದಕ್ಕೂ ಕಾರಿನಲ್ಲಿ ಜಗಳ. ಅಂಕಲ್ ಅಂದದ್ದು ನನಗೆ ಅಷ್ಟು ನೋಯಲಿಲ್ಲ, ನೀವು ಸುಮ್ಮನೆ ಕೂತದ್ದು ನೋಯಿತು ಎಂದೆ. ಹಿರಿಯರ ಮನೆಯಲ್ಲಿ ಏನು ಹೇಳಲಿ ಎಂದರು. "ಇಕಿನೂ ಆಡ್ಲಿ" ಎಂದರೆ ಸಾಕಿತ್ತು, ಎರಡು ಶಬ್ದ, ಅದಕ್ಕೂ ಬಾಯಿ ಬರಲಿಲ್ಲವೇ ಎಂದೆ. ಅದಾದ ಮೇಲೆ ನಾಲ್ಕು ತಿಂಗಳು, ಮನೆಯಲ್ಲಿ ಯಾವ ಮಾತು ಎಲ್ಲಿಂದ ಶುರುವಾದರೂ ನಾನು ಅದನ್ನು ಆ ಎರಡು ಶಬ್ದಕ್ಕೆ ತಂದು ಮುಟ್ಟಿಸುತ್ತಿದ್ದೆ. ಹಾಲು ತಂದಿಲ್ಲವೇಕೆ ಎಂದು ಕೇಳಿದರೂ ಅಲ್ಲಿಗೇ ಹೋಗುತ್ತಿತ್ತು.

ಫೆಬ್ರವರಿಯಲ್ಲಿ ಮಗಳನ್ನು ಕ್ರೈಸ್ಟ್‌ಚರ್ಚಿಗೆ ಓದಲು ಬಿಡಲು ಹೋದೆವು. ಕಾರಿನ ತುಂಬ ಅವಳ ಹಾಸಿಗೆ, ಅಕ್ಕಿ ಕುಕ್ಕರು, ನಾನು ಕಟ್ಟಿದ ಶೇಂಗಾ ಚಟ್ನಿಪುಡಿ. ಹಾಸ್ಟೆಲಿನ ಬಾಗಿಲಲ್ಲಿ ಅವಳು ನನ್ನನ್ನು ಅಪ್ಪಿಕೊಂಡು, "ಅಮ್ಮ, ನೀವಿಬ್ಬರೂ ಗೋ ಹ್ಯಾವ್ ಸಮ್ ಫನ್" ಎಂದಳು. ನಾವು ಮೋಟೆಲಿಗೆ ಬಂದು ಟೀವಿಯಲ್ಲಿ ಕ್ರಿಕೆಟ್ ಹಾಕಿಕೊಂಡು ಕೂತೆವು. ಇಬ್ಬರೇ ಹೀಗೆ ಪ್ರವಾಸದಲ್ಲಿ ಇದ್ದು ಹದಿನೆಂಟು ವರ್ಷದ ಮೇಲಾಗಿತ್ತು. ಏನು ಮಾಡಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಮರುದಿನ ಗಾರ್ಡನ್ ನೋಡಿದೆವು, ಭೂಕಂಪದಲ್ಲಿ ಬಿದ್ದುಹೋದ ಪೇಟೆಯಲ್ಲಿ ಕಂಟೇನರುಗಳೊಳಗೆ ತೆರೆದ ಅಂಗಡಿಗಳನ್ನು ನೋಡಿದೆವು. ಅದರ ಮರುದಿನ ನೋಡಲು ಏನೂ ಉಳಿಯಲಿಲ್ಲ. ಕ್ಯಾಸಿನೊದಲ್ಲಿ ಊಟ ಅಗ್ಗವಂತೆ, ಹೋಗೋಣವೇ ಎಂದು ನಮ್ಮವರೇ ಕೇಳಿದ್ದು. ಆಮೇಲೆ ಆ ಮಾತಿಗೆ ಅವರು ಎಷ್ಟು ಸಲ ಹಣೆ ಚಚ್ಚಿಕೊಂಡರೋ.

ಊಟ ಸುಮಾರಾಗಿತ್ತು. ಊಟದ ಕೋಣೆಯಿಂದ ಹೊರಗೆ ಬರುವಾಗ ಮೂಲೆಯಲ್ಲಿ ಒಂದು ಮೇಜು ಕಂಡಿತು. ಎಂಟು ಮಂದಿ ಕೂತು ಪೋಕರ್ ಆಡುತ್ತಿದ್ದರು. ಒಂದು-ಎರಡು ಡಾಲರಿನ ಆಟ, ಅಂದರೆ ಅಲ್ಲಿ ಎಲ್ಲಕ್ಕಿಂತ ಸಣ್ಣದು. ಒಂದು ಕುರ್ಚಿ ಖಾಲಿ ಇತ್ತು. ನಾನು ನಿಂತೆ. ನಮ್ಮವರು ಮುಂದೆ ಹೋಗಿ, ನಾನು ಬರುತ್ತಿಲ್ಲವೆಂದು ತಿರುಗಿ ನೋಡಿ, ಬೇಡ ಎಂಬಂತೆ ತಲೆ ಅಲ್ಲಾಡಿಸಿದರು. ಆ ತಲೆ ಅಲ್ಲಾಡಿಸದೇ ಇದ್ದಿದ್ದರೆ ಬಹುಶಃ ನಾನು ಮುಂದೆ ಹೋಗಿಬಿಡುತ್ತಿದ್ದೆ.

ಅಲ್ಲೇ ನಿಂತು ಪಣ ಕಟ್ಟಿದೆ. ನೂರು ಡಾಲರ್ ತೆಗೆದುಕೊಂಡು ಕೂರುತ್ತೇನೆ. ಎರಡು ತಾಸು ಆಡುತ್ತೇನೆ. ಎರಡು ತಾಸು ಮುಗಿದಾಗ ನನ್ನ ಮುಂದೆ ನೂರಕ್ಕೆ ಕಡಿಮೆ ಇದ್ದರೆ ಆ ಲೋವರ್ ಹಟ್‌ನ ಮಾತು ಸಾಯುವತನಕ ಎತ್ತುವುದಿಲ್ಲ. ನೂರು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಈ ಸಲದ ದೀಪಾವಳಿಗೆ ನಾನು ಆ ಮೇಜಿಗೆ ಕೂರುತ್ತೇನೆ, ಅಂಕಲ್‌ಗೆ ಅದನ್ನು ನಾನಲ್ಲ, ನೀವು ಹೇಳಬೇಕು. ನಮ್ಮವರು ಯೋಚಿಸಿದರು. ಸಾಯುವತನಕ ಎಂಬುದು ಅವರಿಗೆ ಹಿಡಿಸಿತೆಂದು ಮುಖದಲ್ಲೇ ಗೊತ್ತಾಯಿತು. ಆಗಲಿ ಎಂದರು. ಗಂಟೆ ಒಂದಾಗಿತ್ತು. ಕ್ಯಾಸಿನೊದ ಗೋಡೆಗೆ ಗಡಿಯಾರ ಇರುವುದಿಲ್ಲ, ಆಟದ ಮೇಜಿನಲ್ಲಿ ಫೋನು ತೆಗೆಯುವ ಹಾಗಿಲ್ಲ. ಮೂರಕ್ಕೆ ಸರಿಯಾಗಿ ಬಂದು ಕರೆಯುವ ಕೆಲಸ ಅವರದೆಂದು ಗೊತ್ತುಮಾಡಿಕೊಂಡೆವು.

ಕೂತೆ. ನನ್ನ ಬಲಕ್ಕೆ ಎಪ್ಪತ್ತರ ಆಸುಪಾಸಿನ ರೈತ, ಚಡ್ಡಿ ಹಾಕಿಕೊಂಡು, ಮೊಣಕಾಲಿಗೆ ಬಿಸಿಲು ಬಡಿದು ಕೆಂಪಾಗಿದ್ದವನು. ಹೆಂಡತಿ ಶನಿವಾರ ಅಂಗಡಿ ತಿರುಗುವಾಗ ಅವನು ಹಿಂದೆ ಸಾಮಾನು ಹೇರುವ ಯೂಟ್ ಗಾಡಿಯನ್ನು ಹೊರಗೆ ನಿಲ್ಲಿಸಿ ಇಲ್ಲಿ ಬಂದು ಕೂರುತ್ತಾನಂತೆ. ಎದುರಿಗೆ ಅರವತ್ತು ದಾಟಿದ ಚೀನಾದ ಹೆಂಗಸು, ಕೈಯಲ್ಲಿ ಹಸಿರು ಕಲ್ಲಿನ ಬಳೆ. ಊರಿನ ಹೊರಗೆ ಅವಳದೊಂದು ಡೇರಿ, ಹಾಲು ಬ್ರೆಡ್ಡು ಮಾರುವ ಸಣ್ಣ ಅಂಗಡಿ. ಅವಳ ಪಕ್ಕದಲ್ಲಿ ಟೋಪಿ ಹಾಕಿದ ಒಬ್ಬ, ಇಡೀ ಮಧ್ಯಾಹ್ನ ಅವನು ನಾಲ್ಕು ಮಾತು ಆಡಿದ್ದರೆ ಹೆಚ್ಚು. ಉಳಿದವರು ಬಂದರು, ಹೋದರು, ಅವರ ಮುಖ ಈಗ ನೆನಪಿಲ್ಲ.

ಪೋಕರ್ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಒಬ್ಬೊಬ್ಬರಿಗೆ ಎರಡು ಎಲೆ ಮುಚ್ಚಿ ಕೊಡುತ್ತಾರೆ. ಐದು ಎಲೆ ಎಲ್ಲರಿಗೂ ಸೇರಿದ್ದು, ಮೇಜಿನ ನಡುವೆ ಮೊದಲು ಮೂರು, ಆಮೇಲೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಎರಡನ್ನೂ ಐದನ್ನೂ ಕೂಡಿಸಿ ಯಾರ ಕೈ ದೊಡ್ಡದೋ ಅವರಿಗೆ ದುಡ್ಡು. ಆದರೆ ಕೈಯಲ್ಲಿ ಏನೂ ಇಲ್ಲದಿದ್ದರೂ ಇದ್ದ ಹಾಗೆ ಬಿಲ್ಲೆ ಸುರಿದು ಉಳಿದವರನ್ನು ಹೆದರಿಸಿ ಎಬ್ಬಿಸಬಹುದು. ಅದಕ್ಕೆ ಬ್ಲಫ್ ಎನ್ನುತ್ತಾರೆ. ಫೋನಿನಲ್ಲಿ ನಾನು ಬ್ಲಫ್ ಮಾಡಿ ಎಷ್ಟೋ ಮಂದಿಯನ್ನು ಓಡಿಸಿದ್ದೆ.

ಇಲ್ಲಿ ಒಬ್ಬರೂ ಓಡಲಿಲ್ಲ. ನಾನು ಬ್ಲಫ್ ಮಾಡಿದಾಗಲೆಲ್ಲ ಆ ರೈತ ಶಾಂತವಾಗಿ ಬಿಲ್ಲೆ ಮುಂದೆ ತಳ್ಳಿ ನಿನ್ನ ಎಲೆ ನೋಡುತ್ತೇನೆ ಎನ್ನುತ್ತಿದ್ದ. ನನ್ನ ಕೈಯಲ್ಲಿ ನಿಜವಾಗಿ ಒಳ್ಳೆಯ ಎಲೆ ಬಂದಾಗ ಎಲ್ಲರೂ ಎಲೆ ಎಸೆದು ನೀರು ಕುಡಿಯಲು ಶುರುಮಾಡುತ್ತಿದ್ದರು. ಇದೆಂಥ ಮಾಯೆಯೆಂದು ನನಗೆ ತಿಳಿಯಲಿಲ್ಲ. ಬೆನ್ನ ಹಿಂದೆ ನಿಂತಿದ್ದ ನಮ್ಮವರು ತಡೆಯಲಾಗದೆ ಒಮ್ಮೆ "ಬಿಡು, ಬಿಡು, ಒಗಿ ಅದನ್ನ" ಎಂದುಬಿಟ್ಟರು. ಎಲೆ ಹಂಚುತ್ತಿದ್ದ ಹುಡುಗಿ ಕೈ ನಿಲ್ಲಿಸಿ, ಮೇಜಿನ ಹತ್ತಿರ ಇಂಗ್ಲಿಷ್ ಬಿಟ್ಟು ಬೇರೆ ಮಾತು ಆಡುವ ಹಾಗಿಲ್ಲ, ಆಡದೇ ಇರುವವರು ಆಡುವವರಿಗೆ ಹೇಳಿಕೊಡುವ ಹಾಗೂ ಇಲ್ಲ ಎಂದಳು. ನಮ್ಮವರು ಸಾರಿ ಹೇಳಿ ದೂರದ ಸೋಫಾಕ್ಕೆ ಹೋಗಿ ಕೂತರು. ಹೋಗುವಾಗ ಅವರ ಕಿವಿ ಕೆಂಪಾಗಿತ್ತು. ನನಗೆ ಒಳಗೊಳಗೇ ಖುಷಿಯಾಯಿತು ಎಂದು ಹೇಳಿಬಿಡುತ್ತೇನೆ.

ಖುಷಿ ಬಹಳ ಹೊತ್ತು ಉಳಿಯಲಿಲ್ಲ. ಒಂದು ತಾಸಿನೊಳಗೆ ನೂರು ಹೋಗಿ ಮೂವತ್ತೆಂಟಕ್ಕೆ ಬಂದಿತ್ತು. ಅಳು ಬಂದ ಹಾಗಾಗಿ ಬಾತ್‌ರೂಮಿಗೆ ಎದ್ದು ಹೋದೆ. ಕೈ ತೊಳೆಯುತ್ತಿದ್ದಾಗ ಆ ಚೀನಾದ ಹೆಂಗಸು ಬಂದು ಪಕ್ಕದ ನಲ್ಲಿಗೆ ನಿಂತಳು. ಕನ್ನಡಿಯಲ್ಲಿ ನನ್ನನ್ನು ನೋಡಿ ತನ್ನ ಕುತ್ತಿಗೆ ಮುಟ್ಟಿ ತೋರಿಸಿದಳು. ಅವಳ ಇಂಗ್ಲಿಷು ತುಂಡು ತುಂಡು. ಆದರೂ ಅರ್ಥವಾಯಿತು. ನಿನ್ನ ಸರ, ನಿನ್ನ ಕೈಯಲ್ಲಿ ಏನೂ ಇಲ್ಲದಾಗ ನೀನು ಅದನ್ನು ಎತ್ತಿ ಕಣ್ಣಿಗೆ ಮುಟ್ಟಿಸುತ್ತೀಯ, ಎಲ್ಲರಿಗೂ ಗೊತ್ತು, ರೈತನಿಗೆ ಮೊದಲೇ ಗೊತ್ತಾಯಿತು ಎಂದಳು.

ತಾಳಿ. ನಮ್ಮವ್ವ ಮಾಡುತ್ತಿದ್ದಳು, ನಾನೂ ಮಾಡುತ್ತೇನೆ. ಹೆದರಿಕೆಯಾದರೆ ಕೈ ತಾನಾಗಿ ಹೋಗಿ ತಾಳಿ ಹಿಡಿದು ಎರಡೂ ಕಣ್ಣಿಗೆ ಒತ್ತುತ್ತದೆ. ವಿಮಾನ ಏರುವಾಗ, ಕೆಲಸದ ಇಂಟರ್‌ವ್ಯೂ ಕೋಣೆಯ ಹೊರಗೆ, ಮಗಳು ಮೊದಲ ಸಲ ಕಾರು ಓಡಿಸುವಾಗ. ಸುಳ್ಳು ಆಡುವ ಹೊತ್ತಿನಲ್ಲೂ ದೇವರೇ ಕಾಪಾಡು ಎಂದು ಅದನ್ನೇ ಹಿಡಿದಿದ್ದೆ! ಎಂಟು ಮಂದಿಯ ಮುಂದೆ, ಒಂದು ತಾಸು ಪೂರ್ತಿ, ನನ್ನಲ್ಲಿ ಏನೂ ಇಲ್ಲ ಎಂದು ನಾನೇ ಡಂಗುರ ಸಾರಿದ್ದೆ. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ, ಆ ಸಿಟ್ಟಿನ ನಡುವೆ ನಗು ಬಂದುಬಿಟ್ಟಿತು. ಅವಳೂ ನಕ್ಕಳು. ಇಬ್ಬರೂ ಒದ್ದೆ ಕೈಯಲ್ಲಿ ನಲ್ಲಿ ಹಿಡಿದುಕೊಂಡು ನಕ್ಕೆವು.

ಹಿಂದಿರುಗಿ ಬಂದು ತಾಳಿಯನ್ನು ಕುರ್ತಾದೊಳಗೆ ಹಾಕಿ, ಸ್ವೆಟರಿನ ಗುಂಡಿ ಕುತ್ತಿಗೆಯ ತನಕ ಹಾಕಿಕೊಂಡು ಕೂತೆ. ಸುಮ್ಮನೆ ಕಾದೆ. ಐದಾರು ಆಟ ಬಿಟ್ಟೆ. ಆಮೇಲೆ ನನ್ನ ಕೈಗೆ ಎರಡು ಒಂಬತ್ತು ಬಂದವು. ಮೇಜಿನ ಮೇಲೆ ಬಿಚ್ಚಿದ ಮೂರು ಎಲೆಗಳಲ್ಲಿ ಇನ್ನೊಂದು ಒಂಬತ್ತು. ರೈಲಿನಲ್ಲಿ ಇಂಥ ಎಲೆ ಬಂದರೆ ಸ್ಟೇಷನ್ ದಾಟಿ ಹೋಗುತ್ತಿತ್ತು, ನಾನು ಇಳಿಯುತ್ತಿರಲಿಲ್ಲ. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಆಗ ನನಗೆ ಒಂದು ಕೆಟ್ಟ ಬುದ್ಧಿ ಬಂತು.

ಮೇಲಿನ ಗುಂಡಿ ಬಿಚ್ಚಿದೆ. ನಿಧಾನವಾಗಿ ತಾಳಿ ಹೊರಗೆ ತೆಗೆದೆ. ಎರಡೂ ಕಣ್ಣಿಗೆ ಒತ್ತಿಕೊಂಡೆ. ಆಮೇಲೆ ಉಳಿದಿದ್ದ ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳಿದೆ. ರೈತ ನನ್ನ ಕಡೆ ಕನಿಕರದಿಂದ ನೋಡಿ ಅಷ್ಟೇ ಬಿಲ್ಲೆ ಹಾಕಿದ. ಟೋಪಿಯವನೂ ಹಾಕಿದ. ಚೀನಾದ ಹೆಂಗಸು ಮಾತ್ರ ಎಲೆ ಎಸೆದು ಮೇಲಿನ ದೀಪ ನೋಡುತ್ತ ಕೂತಳು. ಅವಳ ತುಟಿ ಅದುರುತ್ತಿತ್ತು.

ನಾನು ಮೂರು ಒಂಬತ್ತು ಬಿಚ್ಚಿಟ್ಟಾಗ ರೈತ ಮೊದಲು ಎಲೆ ನೋಡಿದ, ಆಮೇಲೆ ನನ್ನ ತಾಳಿ ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಜು ಬಡಿದು ನಕ್ಕ. ಬಿಲ್ಲೆಗಳನ್ನು ಎರಡೂ ಕೈಯಿಂದ ನನ್ನ ಕಡೆ ಎಳೆದುಕೊಂಡೆ. ಗಂಡನ ಆಯುಷ್ಯಕ್ಕೆಂದು ಕಟ್ಟಿಸಿಕೊಂಡದ್ದು, ಅದನ್ನು ತೋರಿಸಿ ಒಬ್ಬ ಮುದುಕನನ್ನು ಬೋಳಿಸಿದ್ದೆ. ಮನಸ್ಸಿನಲ್ಲೇ ತಪ್ಪಾಯಿತು ಎಂದೆ. ದೂರದ ಸೋಫಾದಲ್ಲಿ ಆ ಗಂಡ ಪತ್ರಿಕೆ ಓದುತ್ತ ಗಟ್ಟಿಮುಟ್ಟಾಗಿಯೇ ಕೂತಿದ್ದರು, ಸಮಾಧಾನವಾಯಿತು.

ಅಲ್ಲಿಂದ ಆಟವೇ ಬೇರೆ. ಈಗ ನಾನು ತಾಳಿ ಮುಟ್ಟಿದರೆ ನಿಜವೋ ಸುಳ್ಳೋ ಯಾರಿಗೂ ತಿಳಿಯದು. ಒಮ್ಮೊಮ್ಮೆ ನನಗೂ ತಿಳಿಯುತ್ತಿರಲಿಲ್ಲ. ಬ್ಲಫ್ ಮಾಡಿದೆ, ಓಡಿದರು. ಇನ್ನೊಂದು ಮಾಡಿದೆ, ಸಿಕ್ಕಿಬಿದ್ದೆ, ನಕ್ಕೆ. ರೈತ ಬಿಲ್ಲೆಗಳನ್ನು ಇಪ್ಪತ್ತಿಪ್ಪತ್ತರಂತೆ ಪೇರಿಸಿಡುವುದು ಹೇಗೆಂದು ತೋರಿಸಿಕೊಟ್ಟ. ಮಗಳನ್ನು ಬಿಟ್ಟು ಬಂದದ್ದು ಹೇಳಿದೆ. ಅವನ ಮೂರು ಮಕ್ಕಳೂ ಆಸ್ಟ್ರೇಲಿಯಾಕ್ಕೆ ಹೋದದ್ದು ಅವನು ಹೇಳಿದ. ಲೋವರ್ ಹಟ್‌ನ ಅಂಕಲ್ ಕತೆಯನ್ನೂ ಹೇಳಿದೆ, ಚಹಾ ಕಳಿಸು ಎಂದದ್ದು, ನಾನು ಸಕ್ಕರೆ ಹಾಕದೇ ಕಳಿಸಿದ್ದು. ಮೇಜಿನ ಮೇಜೇ ನಕ್ಕಿತು. ಟೋಪಿಯವನು ಕೂಡ ನಕ್ಕ. ಆ ಅಂಕಲ್‌ನನ್ನು ಒಂದು ಸಲ ನಮ್ಮ ಮೇಜಿಗೆ ಕಳಿಸು, ಬಸ್ಸಿನ ದುಡ್ಡೂ ಉಳಿಸದೆ ನಡೆಸಿ ವಾಪಸು ಕಳಿಸುತ್ತೇವೆ ಎಂದ ರೈತ. ಯಾರೂ ನನಗೆ ದೊಡ್ಡ ಮನಸ್ಸು ಮಾಡಿ ಜಾಗ ಕೊಟ್ಟ ಹಾಗೆ ಮಾಡಲಿಲ್ಲ. ನಾನು ಅಲ್ಲಿ ಇದ್ದೆ, ಅಷ್ಟೇ. ಅಷ್ಟರಿಂದಲೇ ನನಗೆ ಎಷ್ಟು ಸುಖವಾಯಿತೆಂದು ಈಗಲೂ ಸರಿಯಾಗಿ ಹೇಳಲು ಬರುವುದಿಲ್ಲ.

ನಡುವೆ ಒಂದೆರಡು ಸಲ ಗಂಟೆಯ ನೆನಪಾಯಿತು. ನಮ್ಮವರು ಕರೆದಿಲ್ಲವೆಂದರೆ ಇನ್ನೂ ಮೂರು ಆಗಿಲ್ಲ ಎಂದುಕೊಂಡೆ. ಎರಡು ತಾಸು ಎಷ್ಟು ಉದ್ದವಪ್ಪಾ ಎಂದೂ ಅನ್ನಿಸಿತು. ಬೇಸರದಿಂದಲ್ಲ.

ಕೊನೆಯ ಆಟ ಚೀನಾದ ಹೆಂಗಸಿನ ಜೊತೆ. ನನ್ನ ಕೈಯಲ್ಲಿ ಎರಡು ರಾಣಿ, ಮೇಜಿನ ಮೇಲೆ ಇನ್ನೊಂದು ರಾಣಿ. ಕೊನೆಯ ಎಲೆ ಬಿಚ್ಚಿದ ಕೂಡಲೇ ಅವಳು ತನ್ನ ಬಿಲ್ಲೆಗಳನ್ನೆಲ್ಲ ಮುಂದೆ ತಳ್ಳಿದಳು. ಅವಳ ರಾಶಿ ನನ್ನದಕ್ಕಿಂತ ದೊಡ್ಡದು. ಮೇಜಿನ ಮೇಲೆ ಮೂರು ಕಳಾವರ ಇದ್ದವು, ಅವಳ ಕೈಯಲ್ಲಿ ಇನ್ನೆರಡು ಇರಬಹುದು, ಐದು ಕಳಾವರ ಸೇರಿದರೆ ನಿನ್ನ ಮೂರು ರಾಣಿಗಿಂತ ದೊಡ್ಡದು ಎಂದು ಬುದ್ಧಿ ಹೇಳಿತು. ಬಿಟ್ಟುಬಿಡು, ಪಣ ಗೆಲ್ಲುತ್ತೀ ಎಂದಿತು. ಆದರೆ ಅವಳು ಬಳೆ ತಿರುಗಿಸುತ್ತ ನನ್ನನ್ನೇ ನೋಡುತ್ತಿದ್ದಳು, ಅವಳ ಕಣ್ಣಲ್ಲಿ ತುಂಟತನ ಇತ್ತು. ಅದು ಬ್ಲಫ್ಫೋ ಅಲ್ಲವೋ ನೋಡದೇ ಎದ್ದು ಹೋಗಲು ನನ್ನಿಂದ ಆಗಲಿಲ್ಲ. ಇದ್ದದ್ದೆಲ್ಲ ತಳ್ಳಿದೆ. ಬ್ಲಫ್ ಆಗಿರಲಿಲ್ಲ. ಎಕ್ಕದಿಂದ ಹಿಡಿದು ಐದು ಕಳಾವರ. ನಾನು ಜೋರಾಗಿ ನಕ್ಕು ಅವಳಿಗೆ ಕೈ ಮುಗಿದೆ. ಅವಳು ಎದ್ದು ಬಂದು ನನ್ನ ಬೆನ್ನು ತಟ್ಟಿದಳು. ರೈತ ಎದ್ದು ನಿಂತು ಕೈ ಕುಲುಕಿದ.

ನಮ್ಮವರ ಕಡೆ ನಡೆಯುವಾಗ ಪಣ ನೆನಪಾಯಿತು. ಸಾಯುವತನಕ ಎತ್ತುವುದಿಲ್ಲ ಎಂದಿದ್ದೆ. ಕೊಟ್ಟ ಮಾತು ಕೊಟ್ಟದ್ದೇ. ಇನ್ನು ಪ್ರತಿ ದೀಪಾವಳಿಗೂ ತಟ್ಟೆ ಹಿಡಿದು ನಿಲ್ಲಬೇಕು, ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಸೋತೆ ಎಂದೆ, ಎಲ್ಲ ಹೋಯಿತು ಎಂದೆ. ಅವರು ಪತ್ರಿಕೆ ಮಡಚಿ ಕೈಗಡಿಯಾರ ತೋರಿಸಿದರು. ಐದಕ್ಕೆ ಹದಿನೈದು ನಿಮಿಷ ಇತ್ತು.

ಮೂರು ಗಂಟೆಗೆ ಸರಿಯಾಗಿ ಅವರು ಬಂದಿದ್ದರಂತೆ. ನನ್ನ ಬೆನ್ನ ಹಿಂದೆ ನಿಂತು ಬಿಲ್ಲೆ ಎಣಿಸಿದರಂತೆ, ಇನ್ನೂರರ ಮೇಲೆ ಇತ್ತಂತೆ. ಆಮೇಲೆ ತಿರುಗಿ ಹೋಗಿ ಸೋಫಾದಲ್ಲಿ ಕೂತರಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಗೆದ್ದ ಪಣ, ಇನ್ನೂರು ಡಾಲರು, ಎಲ್ಲ ಕಣ್ಣ ಮುಂದೆ ಇಟ್ಟುಕೊಂಡು ಈ ಮನುಷ್ಯ ಪತ್ರಿಕೆ ಓದುತ್ತಿದ್ದರು.

"ಯಾಕ ಎಬ್ಬಿಸಲಿಲ್ರೀ?" ಎಂದೆ. ಅಕ್ಕಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ.

"ನೀ ನಗಾಕತ್ತಿದ್ದಿ," ಎಂದರು. ಪತ್ರಿಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು, "ಹಂಗ ನಕ್ಕಿದ್ದು ನಾ ಮರತೇ ಬಿಟ್ಟಿದ್ದೆ. ಮುಟ್ಟಿ ಎಬ್ಬಸಾಕ ಕೈ ಬರಲಿಲ್ಲ" ಎಂದರು.

ಹಾಗಾದರೆ ಪಣ ನನ್ನದೋ ನಿಮ್ಮದೋ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಹೊರಗೆ ಬಂದಿದ್ದೆವು. ಬಿಸಿಲು ಕಣ್ಣಿಗೆ ಹೊಡೆಯಿತು. ಕಾರಿನ ಹತ್ತಿರ ಬಂದು ಅವರು ಬೀಗದ ಕೈ ತೆಗೆಯಲಿಲ್ಲ, ಫೋನು ತೆಗೆದರು. ಮಗಳಿಗೆ ಇರಬೇಕೆಂದುಕೊಂಡೆ.

"ಅಂಕಲ್, ನಾನ್ರೀ," ಎಂದರು. "ಆರಾಮ ಅದೀವ್ರೀ. ಒಂದ್ ಮಾತು. ದೀಪಾವಳಿಗೆ ಮೇಜಿಗೆ ಒಂದು ಕುರ್ಚಿ ಹೆಚ್ಚು ಹಾಕ್ರಿ."

ಫೆಬ್ರವರಿಯಲ್ಲಿ ದೀಪಾವಳಿಯ ಕುರ್ಚಿ. ಆ ಕಡೆಯಿಂದ ಅಂಕಲ್ ಏನೇನೋ ಕೇಳುತ್ತಿದ್ದದ್ದು ನನಗೂ ಕೇಳಿಸುತ್ತಿತ್ತು. ನಮ್ಮವರು ಕಾರಿಗೆ ಒರಗಿ, ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು. ಅವರ ಕಿವಿ ಮತ್ತೆ ಕೆಂಪಾಗಿತ್ತು.

"ನನ್ನ ಹೇಣ್ತಿಗೆ ರೀ," ಎಂದರು. "ಇಲ್ರೀ ಅಂಕಲ್, ಕೇಳಾಕತ್ತಿಲ್ಲ, ಹೇಳಾಕತ್ತೀನಿ. ನನ್ನ ಬಾಜೂಕ ಬ್ಯಾಡ್ರೀ. ಎದುರಿಗೆ ಹಾಕ್ರಿ, ಆಕಿ ನನಗ ಕಾಣಬೇಕು."